ಸಿಟ್ಟಿನ ಪದ, ತಂತಿಯ ಗುಡುಗು

ರಾತ್ರಿ ರೇಡಿಯೋದ ಗುಂಡಿ ತಿರುಹುತ್ತಿರುವಾಗ ಯಾವುದೋ ಪರದೇಶದ ನಿಲಯದಿಂದ ಗಿಟಾರಿನ ಆರ್ಭಟವೂ ಅದರ ಮೇಲೆ ಜಗಳಕ್ಕೆ ನಿಂತವನಂತೆ ಒಬ್ಬನ ಮಾತೂ ಕೇಳಿಬಂದರೆ ತಾವು ಏನು ಮಾಡುವಿರಿ? ಮುಳ್ಳನ್ನು ಬೇಗನೆ ಮುಂದಕ್ಕೆ ಸರಿಸುವಿರಿ. ನಾನೂ ಹಾಗೆಯೇ ಮಾಡುತ್ತಿದ್ದೆ. ಸವಾಯಿ ಗಂಧರ್ವರು ಹುಟ್ಟಿದ ಕುಂದಗೋಳದ ಸೀಮೆಯಲ್ಲಿ ಬೆಳೆದವನ ಕಿವಿ ಬೇರೆ ರೀತಿಯಾಗಿ ಪಳಗಿರುತ್ತದೆ. ಇಂಥ ಸದ್ದನ್ನು ಸಂಗೀತವೆಂದು ಒಪ್ಪಿಕೊಳ್ಳಲು ಅದು ಸುಲಭವಾಗಿ ಮನಸ್ಸು ಮಾಡದು.

ಯರಗುಪ್ಪಿಯಲ್ಲಿ ಕಳೆದ ಒಂದು ರಾತ್ರಿ ಈ ಹಟವನ್ನು ಮುರಿಯಿತು. ಹುಬ್ಬಳ್ಳಿಯಲ್ಲಿ ಓದುವ ಅಣ್ಣನ ಮಗ ಊರಿಗೆ ಬಂದಿದ್ದ. ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು, “ಕಾಕಾ, ಇದನ್ನೊಮ್ಮೆ ಕೇಳ್ರಿ, ನಡುವ ಎದ್ದು ಹೋಗಬ್ಯಾಡ್ರಿ,” ಎಂದು ತನ್ನ ಫೋನಿನಲ್ಲಿ ಒಂದು ಹಾಡು ಹಚ್ಚಿದ. ಪಕ್ಕದ ಮನೆಯ ಹಿರಿಯರೊಬ್ಬರು ಜತೆಗಿದ್ದರು. ವಯಸ್ಸಿನಲ್ಲಿ ಗೀಗೀ ಮೇಳದಲ್ಲಿ ದಪ್ಪು ಬಾರಿಸಿದವರು. ಇಂಗ್ಲಿಷಿನ ಒಂದಕ್ಷರವೂ ಅವರಿಗೆ ಬಾರದು. ಹಾಡು ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೆ: “ಈ ಹುಡುಗ ಪದಾ ಹಾಡಾಕತ್ತಿಲ್ಲ, ಸವಾಲ್ ಹಾಕಾಕತ್ತಾನ. ಜವಾಬ್ ಕೊಡೋರು ಯಾರು?”

ಮಾತು ಸರಿಯಾಗಿತ್ತು. ಆ ಹಾಡು 1992ರ ನವೆಂಬರಿನಲ್ಲಿ ಅಮೇರಿಕದಲ್ಲಿ ಹೊರಬಂದ ‘ರೇಜ್ ಅಗೇನ್ಸ್ಟ್ ದಿ ಮಷೀನ್’ ಎಂಬ ಧ್ವನಿಮುದ್ರಿಕೆಯದು. ಯಂತ್ರದ ಮೇಲಿನ ಸಿಟ್ಟು ಎಂದು ಅರ್ಥ ಹೇಳಬಹುದು. ಯಂತ್ರವೆಂದರೆ ಇಲ್ಲಿ ಗಿರಣಿಯಲ್ಲ, ಅಧಿಕಾರ ಮತ್ತು ಹಣ ಕೂಡಿ ನಡೆಸುವ ವ್ಯವಸ್ಥೆ. ಮೇಳದ ಹೆಸರೂ ಅದೇ. ಲಾಸ್ ಏಂಜಲೀಸ್ ನಗರದ ನಾಲ್ವರು: ಮಾತು ಝಾಕ್ ಡಿ ಲಾ ರೋಚನದು, ಗಿಟಾರು ಟಾಮ್ ಮೊರೆಲ್ಲೋನದು, ಮಂದ್ರದ ಗಿಟಾರು ಟಿಮ್ ಕಾಮರ್‌ಫೋರ್ಡನದು, ಡ್ರಮ್ಮು ಬ್ರಾಡ್ ವಿಲ್ಕನದು. ಅದೇ ವರ್ಷದ ಏಪ್ರಿಲಿನಲ್ಲಿ, ರಾಡ್ನಿ ಕಿಂಗ್ ಎಂಬ ಕರಿಯನನ್ನು ಥಳಿಸಿದ ಪೋಲೀಸರು ನಿರ್ದೋಷಿಗಳೆಂದು ತೀರ್ಪು ಬಂದು ಆ ನಗರ ಹೊತ್ತಿ ಉರಿದಿತ್ತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಮುದ್ರಿಕೆಯ ಹೊದಿಕೆಯ ಮೇಲಿರುವುದು ಇನ್ನೊಂದು ಬೆಂಕಿ. 1963ರ ಜೂನ್ 11ರಂದು ಸೈಗಾನಿನ ಬೀದಿಯಲ್ಲಿ, ಬೌದ್ಧರ ಮೇಲಿನ ಸರಕಾರದ ದಬ್ಬಾಳಿಕೆಯನ್ನು ಪ್ರತಿಭಟಿಸಿ, ಥಿಕ್ ಕ್ವಾಂಗ್ ಡುಕ್ ಎಂಬ ಭಿಕ್ಷು ಪದ್ಮಾಸನದಲ್ಲಿ ಕುಳಿತು ತನ್ನನ್ನೇ ದಹಿಸಿಕೊಂಡ ಚಿತ್ರ. ಮಾಲ್ಕಮ್ ಬ್ರೌನ್ ತೆಗೆದ ಆ ಚಿತ್ರವನ್ನು ಒಮ್ಮೆ ಕಂಡವರು ಮರೆಯಲಾರರು.

ಇನ್ನು ಸದ್ದಿನ ವಿಚಾರ. ಇದರಲ್ಲಿ ಎರಡು ಹೊಳೆಗಳು ಕೂಡಿವೆ. ಒಂದು ‘ಮೆಟಲ್’. 1970ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬಾತ್ ಮೇಳದಿಂದ ಇದಕ್ಕೆ ರೂಪ ಬಂತೆನ್ನುತ್ತಾರೆ. ಅದರ ಗಿಟಾರುವಾದಕ ಟೋನಿ ಐಯೋಮಿ ತಗಡಿನ ಕಾರಖಾನೆಯಲ್ಲಿ ದುಡಿಯುವಾಗ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದ. ನೋವು ತಾಳಲಾರದೆ ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿಕೊಂಡ. ಆ ಭಾರವಾದ ನಾದಕ್ಕೆ ಕಾರಖಾನೆಯ ಗಾಯವೂ ಒಂದು ಕಾರಣ. ಇನ್ನೊಂದು ‘ಹಿಪ್ ಹಾಪ್’. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ಬಡ ವಠಾರದಲ್ಲಿ ಕೂಲ್ ಹರ್ಕ್ ಎಂಬ ತರುಣ ತಂಗಿಯ ಸಮಾರಂಭಕ್ಕೆ ತಟ್ಟೆ ಹಚ್ಚುತ್ತಿದ್ದ. ಹಾಡಿನಲ್ಲಿ ಬರಿ ಡ್ರಮ್ಮು ಬರುವ ಚಿಕ್ಕ ಜಾಗಕ್ಕೆ ಜನ ಹೆಚ್ಚು ಕುಣಿಯುವುದನ್ನು ಕಂಡಿದ್ದ ಆತ ಅಂಥ ಜಾಗಗಳನ್ನೇ ಹಿಗ್ಗಿಸಿ ನುಡಿಸಿದ. ಆ ಬಡಿತದ ಮೇಲೆ ಪ್ರಾಸಕಟ್ಟಿ ಮಾತಾಡುವುದೇ ‘ರ‍್ಯಾಪ್’. ರಾಗ ಕಡಮೆ, ಲಯ ಹೆಚ್ಚು, ಮಾತು ಎಲ್ಲಕ್ಕಿಂತ ಹೆಚ್ಚು.

ಹೀಗೆಂದರೆ ಗೀಗೀ ಪದ ಕೇಳಿದವರಿಗೆ ಹೊಸತೇನು? ದಪ್ಪು, ತುಂತುಣಿ, ತಾಳ — ಮೂರೇ ವಾದ್ಯ. ಮುಂದಿನವನು ಪ್ರಾಸದ ಮೇಲೆ ಪ್ರಾಸ ಹೊಸೆದು ಎದುರಿನ ಮೇಳವನ್ನು ಕೆಣಕುತ್ತಾನೆ. ಹಿಂದಿನವರು ‘ಗೀಯ ಗಾ’ ಎಂದು ಎಳೆದು ಅವನಿಗೆ ಉಸಿರು ಕೊಡುತ್ತಾರೆ. ಹರದೇಶಿ-ನಾಗೇಶಿಯರ ವಾದ ಬೆಳಗಿನ ತನಕ ನಡೆಯುತ್ತದೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಮೇಳಗಳು ಸರಕಾರಕ್ಕೆ ಸವಾಲು ಹಾಕಿದವು. ಹುಲಕುಂದದ ಭೀಮಕವಿಯ ಹೆಸರನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಸಿಟ್ಟಂತೂ ಈ ನೆಲಕ್ಕೆ ಪರದೇಶದ ಸರಕಲ್ಲ. ಮಲಪ್ರಭೆಯ ನೀರಿನ ಕರದ ವಿಷಯವಾಗಿ 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಆದದ್ದನ್ನು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ಮೊರೆಲ್ಲೋನ ಕೈಚಳಕದ ಮಾತನ್ನು ಹೇಳಲೇಬೇಕು. ಮುದ್ರಿಕೆಯಲ್ಲಿ ತಟ್ಟೆಯನ್ನು ಕೈಯಿಂದ ತಿಕ್ಕಿ ಹಿಂದುಮುಂದು ಆಡಿಸಿದ ಹಾಗೆ ಕಿರ‍್ರೆನ್ನುವ ಸದ್ದುಗಳಿವೆ, ತಾರಿನ ಕಟ್ಟಿಕಟ್ಟಿನಂಥ ತುಣುಕು ಸ್ವರಗಳಿವೆ. ಅವೆಲ್ಲ ಗಿಟಾರಿನಿಂದಲೇ ಹೊರಟವು. ವಿದ್ಯುತ್ ಗಿಟಾರಿನಲ್ಲಿ ನಾದ ಹಿಡಿಯುವ ಭಾಗಗಳು ಎರಡಿರುತ್ತವೆ. ಒಂದರ ಧ್ವನಿಯನ್ನು ಸೊನ್ನೆಗೆ ಇಳಿಸಿ, ಇನ್ನೊಂದನ್ನು ಪೂರ್ಣ ಏರಿಸಿ, ನಡುವಿನ ಗುಂಡಿಯನ್ನು ಟಕಟಕನೆ ಆಡಿಸಿದರೆ ನಾದ ಕತ್ತರಿಸಿ ಕತ್ತರಿಸಿ ಬರುತ್ತದೆ. ತಂತಿಯನ್ನು ಅಂಗೈಯಿಂದ ಉಜ್ಜಿದರೆ ತಟ್ಟೆ ತಿಕ್ಕಿದಂತಾಗುತ್ತದೆ. ಬೇರೆ ಹಾಡಿನಿಂದ ಎತ್ತಿದ ತುಣುಕಾಗಲಿ ಕೀಲಿಮಣೆಯ ವಾದ್ಯವಾಗಲಿ ಇದರಲ್ಲಿಲ್ಲವೆಂದು ಮುದ್ರಿಕೆಯ ಜತೆಯ ಕಾಗದದಲ್ಲೇ ಅಚ್ಚುಹಾಕಿಸಿದರು. ಸ್ವಲ್ಪ ಜಂಬವೇ ಸರಿ, ಆದರೆ ಗಳಿಸಿದ ಜಂಬ.

ಹಾಡುಗಳು ಹತ್ತು. ಶಾಲೆಯ ಪಾಠದಲ್ಲಿ ಯಾರ ಚರಿತ್ರೆ ಬಿಟ್ಟುಹೋಗಿದೆಯೆಂಬುದು ಒಂದರ ವಿಷಯ. ದೂರದರ್ಶನ ಯುದ್ಧವನ್ನು ಹೇಗೆ ಮಾರುತ್ತದೆಂಬುದು ಇನ್ನೊಂದರದು. ಏಳನೆಯದಾದ ‘ವೇಕ್ ಅಪ್’, ಅಮೇರಿಕದ ಗುಪ್ತ ಪೋಲೀಸು ಖಾತೆ ಮಾರ್ಟಿನ್ ಲೂಥರ್ ಕಿಂಗ್ ಮುಂತಾದ ಕರಿಯರ ನಾಯಕರ ಬೆನ್ನು ಹತ್ತಿದ ಕತೆ. ಇದು ಕವಿಯ ಕಲ್ಪನೆಯಲ್ಲ; ಕಿಂಗರ ಟೆಲಿಫೋನಿಗೆ ಕಿವಿಗೊಟ್ಟ ಸಂಗತಿಯನ್ನು 1975-76ರಲ್ಲಿ ಅಲ್ಲಿನ ಸೆನೆಟ್ಟಿನ ಸಮಿತಿಯೇ ಬಯಲಿಗೆಳೆಯಿತು. ಹಿರಿಯರು ಯರಗುಪ್ಪಿಯ ಕಟ್ಟೆಯ ಮೇಲೆ ಕೇಳಿದ್ದು ಇದೇ ಹಾಡನ್ನು.

ಎರಡನೆಯ ಹಾಡಿನಿಂದ ರೇಡಿಯೋದವರು ಪಟ್ಟ ಪಾಡು ನಮಗೆ ವಿಶೇಷ ಸ್ವಾರಸ್ಯದ್ದು. ಅದರ ಕೊನೆಯಲ್ಲಿ ‘ನೀನು ಹೇಳಿದ್ದನ್ನು ಮಾಡಲಾರೆ’ ಎಂಬ ಭಾವವನ್ನು ಮನೆಮಂದಿಯ ಮುಂದೆ ಆಡಬಾರದ ಶಬ್ದ ಸೇರಿಸಿ ಹತ್ತಾರು ಸಲ ಕೂಗುತ್ತಾರೆ. 1993ರಲ್ಲಿ ಬಿ.ಬಿ.ಸಿ. ಅದನ್ನು ಕತ್ತರಿಸದೆಯೇ ಪ್ರಸಾರ ಮಾಡಿ ದೂರುಗಳ ರಾಶಿ ಪಡೆಯಿತು. 2001ರ ಸೆಪ್ಟೆಂಬರಿನ ನ್ಯೂಯಾರ್ಕಿನ ಅನಾಹುತದ ನಂತರ, ಸಾವಿರಕ್ಕೂ ಹೆಚ್ಚು ನಿಲಯಗಳಿದ್ದ ಅಮೇರಿಕದ ಕ್ಲಿಯರ್ ಚಾನಲ್ ಕಂಪನಿಯಲ್ಲಿ, ಸದ್ಯಕ್ಕೆ ಬೇಡವೆನ್ನಬಹುದಾದ ಹಾಡುಗಳ ಪಟ್ಟಿಯೊಂದು ಓಡಾಡಿತು. ಉಳಿದವರವು ಬಿಡಿ ಹಾಡುಗಳು; ಈ ಮೇಳದ್ದು ಮಾತ್ರ ‘ಎಲ್ಲ ಹಾಡುಗಳು’. 2009ರ ಕ್ರಿಸ್‌ಮಸ್ಸಿನಲ್ಲಿ, ದೂರದರ್ಶನದ ಸ್ಪರ್ಧೆಯಲ್ಲಿ ಗೆದ್ದವನ ಹಾಡೇ ವರ್ಷವರ್ಷ ಮೊದಲ ಸ್ಥಾನ ಪಡೆಯುವುದಕ್ಕೆ ಬೇಸತ್ತ ಇಂಗ್ಲೆಂಡಿನ ದಂಪತಿಗಳಿಬ್ಬರು ಜನರನ್ನು ಹುರಿದುಂಬಿಸಿ, ಹದಿನೇಳು ವರ್ಷ ಹಳೆಯದಾದ ಈ ಹಾಡನ್ನೇ 5 ಲಕ್ಷ ಪ್ರತಿ ಕೊಳ್ಳುವಂತೆ ಮಾಡಿ ಗೆಲ್ಲಿಸಿದರು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರತಕ್ಕದ್ದೇ. ಹಣದ ವ್ಯವಸ್ಥೆಯನ್ನು ಬೈಯುವ ಈ ಮುದ್ರಿಕೆಯನ್ನು ಹೊರತಂದದ್ದು ಎಪಿಕ್ ಕಂಪನಿ. ಅದರ ಒಡೆಯರು ಸೋನಿ. ಬೈಗುಳವೂ ಸರಕಾಗಿ ಮಾರಾಟವಾಯಿತು. ದೊಡ್ಡ ಅಂಗಡಿಯಿಂದ ಮಾತು ಹೆಚ್ಚು ಜನಕ್ಕೆ ಮುಟ್ಟುತ್ತದೆಂಬುದು ಮೇಳದವರ ಸಮಾಧಾನ. ನನಗೆ ಅದು ಪೂರ್ಣ ಒಪ್ಪಿಗೆಯಲ್ಲ. ಆದರೂ ನಮ್ಮದೇ ಒಂದು ಉದಾಹರಣೆ ಅಡ್ಡ ಬರುತ್ತದೆ: 1857ರಲ್ಲಿ ಹತಾರು ಒಪ್ಪಿಸಲಾರೆವೆಂದು ಎದ್ದ ಹಲಗಲಿ ಬೇಡರ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಫ್ಲೀಟ್, ಅದೇ ಇಂಗ್ಲಿಷ್ ಸರಕಾರದ ಅಧಿಕಾರಿ. ನಮ್ಮ ಮಕ್ಕಳು ಇಂದಿಗೂ ಅದನ್ನು ಓದುತ್ತಾರೆ.

ಹಾಡಿನಿಂದ ಏನಾದರೂ ಆಯಿತೇ ಎಂದು ಕೇಳುವಿರಿ. ಕೊನೆಯ ಹಾಡು ‘ಫ್ರೀಡಮ್’ನ ಚಲಚ್ಚಿತ್ರದಲ್ಲಿ ಲಿಯೊನಾರ್ಡ್ ಪೆಲ್ಟಿಯರನ ಪ್ರಕರಣವನ್ನು ತೋರಿಸಿದರು. ಆತ ಅಮೇರಿಕದ ಮೂಲನಿವಾಸಿ; 1975ರಲ್ಲಿ ಇಬ್ಬರು ಗುಪ್ತ ಪೋಲೀಸರು ಸತ್ತ ಮೊಕದ್ದಮೆಯಲ್ಲಿ ಆಜೀವ ಶಿಕ್ಷೆಗೊಳಗಾದವನು. ವಿಚಾರಣೆ ನ್ಯಾಯವಾಗಿರಲಿಲ್ಲವೆಂದು ಆತನ ಪರದವರು, ಕೊಲೆಗಾರನನ್ನು ಬಿಡಬಾರದೆಂದು ಆ ಖಾತೆಯವರು, ಹೀಗೆ ವಾದ ದಶಕಗಳವರೆಗೆ ನಡೆಯಿತು. 2025ರ ಫೆಬ್ರುವರಿಯಲ್ಲಿ ಆತ ಸೆರೆಮನೆ ಬಿಟ್ಟು ಮನೆಗೆ ಬಂದ. ಕ್ಷಮಾದಾನವಲ್ಲ, ಉಳಿದ ಶಿಕ್ಷೆ ಮನೆಯಲ್ಲಿಯೇ. ಆಗ ಆತನಿಗೆ ವಯಸ್ಸು 80. ಹಾಡು ಬಂದು ಮೂವತ್ತೆರಡು ವರ್ಷ.

ಕೇಳಬೇಕೆನ್ನುವವರು ಏಳನೆಯ ಹಾಡಿನಿಂದ ತೊಡಗಿರಿ. ಎರಡನೆಯದನ್ನು ಹಿರಿಯರು ಮನೆಯಲ್ಲಿಲ್ಲದಾಗ ಕೇಳುವುದು ವಾಸಿ.