ಕಂಬಕ್ಕೂ ತೊಲೆಗೂ ನಡುವೆ

ನಮ್ಮ ಸೊರಬದ ಕಡೆ ಮಳೆಗಾಲ ಬಂತೆಂದರೆ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಸೇತುವೆ ಹಿಗ್ಗುವುದು ಬಿಸಿಲಿಗೆ. 25 ಮೀಟರ್ ಉದ್ದದ ಕಾಂಕ್ರೀಟ್ ತೊಲೆ ಜನವರಿಯ ಬೆಳಗಿನಲ್ಲಿ ಇದ್ದುದಕ್ಕಿಂತ ಏಪ್ರಿಲ್ ಮಧ್ಯಾಹ್ನ 6-7 ಮಿಲಿಮೀಟರ್ ಉದ್ದವಾಗಿರುತ್ತದೆ. ಒಂದು ಪೆನ್ಸಿಲ್ಲಿನ ದಪ್ಪದಷ್ಟು. ಅಷ್ಟು ಸರಿಯಲು ಬಿಡದಿದ್ದರೆ ತೊಲೆಯ ತುದಿಯೋ ಕಂಬದ ತಲೆಯೋ ಬಿರಿಯುತ್ತದೆ.

ಸರಿಯಲು ಬಿಡುವುದೇ ಬೇರಿಂಗಿನ ಕೆಲಸ. ಬೇರಿಂಗ್ ಎಂದೊಡನೆ ಸೈಕಲ್ ಚಕ್ರದ ಗುಂಡುಗಳು ನೆನಪಾಗುತ್ತವೆ. ನಮ್ಮ ತಾಲ್ಲೂಕುಗಳ ಹಳ್ಳಗಳ ಮೇಲೆ ನಾನು ಹೆಚ್ಚಾಗಿ ಕೂರಿಸಿದ್ದು ಮಾತ್ರ ಕಪ್ಪು ರಬ್ಬರ್ ಪ್ಯಾಡುಗಳನ್ನು. ಉದ್ದ ಒಂದೂವರೆ ಅಡಿ, ಅಗಲ ಒಂದಡಿ, ದಪ್ಪ ಎರಡು ಮೂರು ಇಂಚು. ಬರೀ ರಬ್ಬರಾದರೆ ಭಾರಕ್ಕೆ ರೊಟ್ಟಿ ಹಿಟ್ಟಿನಂತೆ ಹರಡಿಬಿಡುತ್ತದೆ. ಅದಕ್ಕೇ ಒಳಗೆ ಪದರ ಪದರವಾಗಿ ಉಕ್ಕಿನ ತಗಡು ಸೇರಿಸಿ ಬೇಯಿಸಿರುತ್ತಾರೆ. ಭಾರ ಹೊರುವುದಕ್ಕೆ ತಗಡು, ಓಲಾಡುವುದಕ್ಕೆ ರಬ್ಬರು. ತುಂಬಿದ ಲಾರಿ ಹೋಗುವಾಗ ಅಂಥದೊಂದು ಪ್ಯಾಡಿನ ಮೇಲೆ 70-80 ಟನ್ ಬಿದ್ದರೂ ಅದು ಹೆದರುವುದಿಲ್ಲ.

ಕೋಟಿಪುರದ ಕೈಟಭೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಗಳಿಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಕಂಬದ ಬೋದಿಗೆಯ ಮೇಲೆ ತೊಲೆ ಕೂತ ಜಾಗಕ್ಕೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು. ಅಲ್ಲಿ ಕಂಬದಿಂದ ಕಂಬಕ್ಕೆ ದೂರ ಕಡಿಮೆ, ಹಿಗ್ಗುವುದೂ ಅಷ್ಟಕ್ಕಷ್ಟೆ. ಸಂದುಗಳೇ ಅದನ್ನು ನುಂಗಿಕೊಳ್ಳುತ್ತವೆ. ಉದ್ದದ ಸೇತುವೆಯ ಮಾತು ಬೇರೆ. ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈ 14ರಂದು ಉದ್ಘಾಟನೆಯಾದ ಸಿಗಂದೂರು ಸೇತುವೆಯ ಉದ್ದ ಸುಮಾರು 2.4 ಕಿಲೋಮೀಟರ್. ಅದು ಒಂದೇ ತುಂಡಾಗಿದ್ದರೆ ಇಪ್ಪತ್ತು ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಅರ್ಧ ಮೀಟರ್ ಬೆಳೆಯುತ್ತಿತ್ತು! ಉದ್ದದ ಸೇತುವೆಗಳಲ್ಲಿ ಅಲ್ಲಲ್ಲಿ ಸಂದು ಬಿಡುವುದು ಇದಕ್ಕೇ.

ಭಾರ ನೂರಾರು ಟನ್ ದಾಟಿದರೆ ಪಾಟ್ ಬೇರಿಂಗ್ ಬರುತ್ತದೆ. ಉಕ್ಕಿನ ಬೋಗುಣಿಯೊಳಗೆ ಬಿಗಿಯಾಗಿ ಕೂತ ರಬ್ಬರ್ ಬಿಲ್ಲೆ, ಅದರ ಮೇಲೆ ಪಿಸ್ಟನ್, ಅದಕ್ಕೂ ಮೇಲೆ ಟೆಫ್ಲಾನ್ ಹಾಳೆಯ ಮೇಲೆ ಜಾರುವ ಸ್ಟೇನ್‌ಲೆಸ್ ತಗಡು. ಸಾಗಿಸುವಾಗ ಕದಲದಿರಲೆಂದು ಕಾರ್ಖಾನೆಯಲ್ಲೇ ಮೇಲು ಕೆಳಗಿನ ತಗಡುಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಕೂರಿಸಿ, ಕೆಳಗೆ ತುಂಬಿದ ಗಾರೆ (ಗ್ರೌಟ್) ಗಟ್ಟಿಯಾದ ಮೇಲೆ ಆ ಬೋಲ್ಟು ಬಿಚ್ಚಲೇಬೇಕು. ಮರೆತರೆ ಅಷ್ಟು ದುಡ್ಡು ಕೊಟ್ಟು ತಂದ ಬೇರಿಂಗಿಗೆ ಬೀಗ ಹಾಕಿದಂತೆ.

ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಮಟ್ಟ. ಕಂಬದ ತಲೆಯ ಮೇಲೆ ಪ್ಯಾಡಿಗೆಂದು ಕಟ್ಟುವ ಪುಟ್ಟ ಪೀಠಕ್ಕೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಬೇಕು. ಆಗ ನಾನಿನ್ನೂ ಕೆಲಸಕ್ಕೆ ಹೊಸಬ. ಒಂದು ಸಂಜೆ ಮೋಡ ಕವಿದಿತ್ತು, ಕ್ರೇನು ಕಾಯುತ್ತಿತ್ತು. ‘ಮಟ್ಟ ಸರಿಯಿದೆ ಬಿಡಿ ಸಾರ್’ ಎಂದರು ಮೇಸ್ತ್ರಿ. ನಾನು ಬಗ್ಗಿ ನೋಡಲಿಲ್ಲ. ಎರಡು ಬೇಸಿಗೆ ಕಳೆಯುವುದರೊಳಗೆ ಆ ಪ್ಯಾಡು ಒಂದು ಬದಿಗೆ ಹೊಟ್ಟೆ ಬಿಟ್ಟು, ಅಂಚಿನಲ್ಲಿ ಸೀಳು ಕಾಣಿಸಿತು.

ಬದಲಿಸುವುದಕ್ಕೆ ಇಡೀ ಸೇತುವೆಯ ಆ ತುದಿಯನ್ನು ಎತ್ತಬೇಕಾಯಿತು. ವಾಹನ ನಿಲ್ಲಿಸಿ, ಪ್ರತಿ ತೊಲೆಯ ಪಕ್ಕ ಹೈಡ್ರಾಲಿಕ್ ಜಾಕ್ ಇಟ್ಟು, ಒಂದೊಂದೇ ಮಿಲಿಮೀಟರ್ ಮೇಲೇರಿಸಿದೆವು. ಒಂದು ಜಾಕ್ ಮುಂದಾಗಿ ಇನ್ನೊಂದು ಹಿಂದುಳಿದರೆ ಸ್ಲ್ಯಾಬ್ ಬಿರಿಯುತ್ತದೆ. ತೇರಿನ ಎರಡೂ ಗಾಲಿಗೆ ಸನ್ನೆ ಕೊಡುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಂತೆ ನಾವೂ ಗೇಜುಗಳನ್ನೇ ನೋಡುತ್ತಿದ್ದೆವು. ಬೆರಳು ತೂರುವಷ್ಟು ಸಂದು ಸಿಕ್ಕಾಗ ಹಳೆಯ ಪ್ಯಾಡು ಎಳೆದು, ಪೀಠ ಸರಿಮಾಡಿ, ಹೊಸದನ್ನು ತಳ್ಳಿದೆವು. ಅವತ್ತು ರಸಮಟ್ಟ ಹಿಡಿದದ್ದು ನಾನೇ.

ಈಗ ನಿವೃತ್ತಿಯಾಗಿದೆ. ಶಿಕಾರಿಪುರಕ್ಕೆ ಹೋಗುವಾಗ ದಾರಿಯ ಹಳ್ಳದ ಬಳಿ ಬೈಕ್ ನಿಲ್ಲಿಸಿ ಕೆಳಗಿಳಿಯುತ್ತೇನೆ. ಮಲೆನಾಡಿನ ಸೇತುವೆಗಳಿಗೆ ಲಾರಿಗಿಂತ ದೊಡ್ಡ ಶತ್ರು ಸಂದಿನಿಂದ ಸೋರುವ ನೀರು, ಮಣ್ಣು, ಹಕ್ಕಿ ಉದುರಿಸಿದ ಬೀಜ. ಕಳೆದ ಮಳೆಗಾಲ ಮುಗಿದ ಮೇಲೆ ಪ್ಯಾಡಿನ ಪಕ್ಕದಲ್ಲೇ ಗೇಣುದ್ದದ ಅರಳಿ ಸಸಿ ಎದ್ದಿತ್ತು. ಬೇರು ಇನ್ನೂ ಎಳೆಯದು. ಕೈಯಲ್ಲೇ ಕಿತ್ತು, ಅದರ ಬುಡದಲ್ಲಿ ತುಂಬಿಕೊಂಡಿದ್ದ ಹಿಡಿ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದೆ. ಸಸಿಯನ್ನು ದಡದ ಮೇಲೆ, ರಸ್ತೆಯಿಂದ ದೂರಕ್ಕೆ ನೆಟ್ಟು ಬಂದೆ.