ಮೊದಲು ತೋಟಾ, ಆಮೇಲೆ ಕೋವಿ

ದೊಡ್ಡ ಬೇಟೆಗೆಂದು ರೈಫಲ್ ಒಂದನ್ನು ಹೇಳಿ ಮಾಡಿಸುವಾಗ ಮೊದಲು ಇತ್ಯರ್ಥವಾಗಬೇಕಾದ್ದು ಅದಕ್ಕೆ ಯಾವ ತೋಟಾ ಎಂಬ ಪ್ರಶ್ನೆ. ಹಿಡಿಗೆ ಹಾಕುವ ವಾಲ್‌ನಟ್ ಮರ, ಉಕ್ಕಿನ ಮೇಲಿನ ಕೆತ್ತನೆ ಎಲ್ಲ ಆಮೇಲಿನ ಮಾತು. ತೋಟಾದ ಉದ್ದ ಗೊತ್ತಾದರೆ ಬೋಲ್ಟು ಎಷ್ಟು ಹಿಂದೆ ಸರಿಯಬೇಕೆಂದು ಗೊತ್ತಾಗುತ್ತದೆ. ಅದರ ದಪ್ಪ ನೋಡಿ ಮ್ಯಾಗಜೀನಿನಲ್ಲಿ ಎಷ್ಟು ಕೂರುತ್ತವೆ ಎಂದು ಲೆಕ್ಕ ಹಾಕುತ್ತಾರೆ, ಅದರ ಒದೆತ ನೋಡಿ ಕೋವಿ ಎಷ್ಟು ತೂಗಬೇಕೆಂದು ತೀರ್ಮಾನಿಸುತ್ತಾರೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಕೋವಿ ಕಸಬುದಾರರು ನೂರು ವರ್ಷಕ್ಕೂ ಮೇಲ್ಪಟ್ಟು ಇದೇ ಕ್ರಮದಲ್ಲಿ ಕೆಲಸ ಮಾಡುತ್ತ ಬಂದಿದ್ದಾರೆ.

ಕನ್ನಡದ ಓದುಗರಿಗೆ ಈ ಲೋಕ ತೀರ ಅಪರಿಚಿತವಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ ಅವರ ಅನುಭವಗಳನ್ನು ‘ಕಾಡಿನ ಕತೆಗಳು’ ಸರಣಿಯಲ್ಲಿ ಕನ್ನಡಕ್ಕೆ ತಂದರು, ಜಿಮ್ ಕಾರ್ಬೆಟ್ ಅವರ ರುದ್ರಪ್ರಯಾಗದ ನರಭಕ್ಷಕನನ್ನೂ ತಂದರು. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಆಂಡರ್ಸನ್ ಅವರ ಕೈಯಲ್ಲಿದ್ದುದು .405 ವಿಂಚೆಸ್ಟರ್. ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು .275 ರಿಗ್ಬಿಯಿಂದ, ಅವರ ಬಳಿ ಜೆಫ್ರಿ ಕಂಪನಿಯ .450/400 ಜೋಡುನಳಿಗೆ ರೈಫಲ್ಲೂ ಇತ್ತು. ಓದುವಾಗ ನಾವೆಲ್ಲ ಹುಲಿಯ ಹಿಂದೆ ಓಡುತ್ತೇವೆ, ಚುಕ್ಕಿಯ ಮುಂದಿನ ಅಂಕಿಯ ಮೇಲೆ ಕಣ್ಣು ನಿಲ್ಲುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಅದು ನಳಿಗೆಯ ಅಥವಾ ಗುಂಡಿನ ಅಡ್ಡಳತೆ, ಅಂಗುಲದ ಲೆಕ್ಕದಲ್ಲಿ. ಆ ಅಂಕಿಯ ಹಿಂದೆ ಒಂದು ದೇಶದ ಹವಾಮಾನ, ಒಂದು ಸರ್ಕಾರಿ ಆದೇಶ, ಒಂದು ಪ್ರಾಣಿಯ ಮೂಳೆ, ಒಬ್ಬ ಮನುಷ್ಯನ ಭುಜ ಎಲ್ಲ ಸೇರಿಕೊಂಡಿರುತ್ತವೆ.

ನನ್ನನ್ನು ಈ ಕಸಬಿನತ್ತ ಎಳೆದದ್ದು ಒಂದೇ ಒಂದು ತೋಟಾ: 1911ರಲ್ಲಿ ಹುಟ್ಟಿದ .416 ರಿಗ್ಬಿ. ತುದಿಯ ಗುಂಡೂ ಸೇರಿ ಅದರ ಉದ್ದ ಸುಮಾರು 95 ಮಿಲಿಮೀಟರ್. ಹಿತ್ತಾಳೆಯ ಕೋಶವೊಂದೇ ಸುಮಾರು 74 ಮಿ.ಮೀ. ಉದ್ದ, ಬುಡದಲ್ಲಿ 15 ಮಿ.ಮೀ. ದಪ್ಪ. ಮೇಲಕ್ಕೆ ಬಂದು ಭುಜ ಕಟ್ಟಿ, ಕುತ್ತಿಗೆಯಾಗಿ ಕಿರಿದಾಗುತ್ತದೆ. ಅದರ ಬಾಯಲ್ಲಿ ಕೂತ ಗುಂಡಿನ ತೂಕ 410 ಗ್ರೇನ್, ಅಂದರೆ ಇಪ್ಪತ್ತಾರು ಗ್ರಾಂ ಮೀರಿದ್ದು. ಅದು ಸೆಕೆಂಡಿಗೆ 720 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ವಿಚಿತ್ರವೆಂದರೆ ಇಷ್ಟು ಕೆಲಸಕ್ಕೆ ಇಷ್ಟು ದೊಡ್ಡ ಕೋಶ ಬೇಕಾಗಿಯೇ ಇಲ್ಲ. 1988ರಲ್ಲಿ ಬಂದ .416 ರೆಮಿಂಗ್ಟನ್ ಇದಕ್ಕಿಂತ ಸಣ್ಣ ಕೋಶದಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಹಾಗಾದರೆ ಅದನ್ನು ರೂಪಿಸಿದ ಲಂಡನ್ನಿನ ರಿಗ್ಬಿ ಕಂಪನಿಯವರು ಅಷ್ಟೊಂದು ಜಾಗ ಯಾಕೆ ಬಿಟ್ಟರು?

ಉತ್ತರ ನಮ್ಮ ಬಿಸಿಲಿನಲ್ಲಿದೆ.

ಕಾರ್ಡೈಟ್ ಎಂಬ ಮದ್ದು ಬರುವ ಮುಂಚಿನ ದೊಡ್ಡ ಕೋವಿಗಳು ಕರಿಮದ್ದಿನವು. ಮೈಸೂರು ಸಂಸ್ಥಾನದ ಖೆಡ್ಡಾ ಅಧಿಕಾರಿಯಾಗಿದ್ದ ಜಿ.ಪಿ. ಸ್ಯಾಂಡರ್ಸನ್ ತಮ್ಮ 1878ರ ಪುಸ್ತಕದಲ್ಲಿ ಬರೆಯುವ ಆನೆಕೋವಿ 4-ಬೋರಿನದು. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಹೊಂದುವ ನಾಲ್ಕೇ ಗುಂಡು ಮಾಡಬಹುದು ಎಂಬುದು ಆ ಲೆಕ್ಕ; ಒಂದೊಂದೂ ನೂರು ಗ್ರಾಂ ಮೀರಿದ್ದು. ಹೊಗೆ ಕವಿದು ಮುಂದೆ ಏನಾಯಿತೆಂದು ಕಾಣುತ್ತಿರಲಿಲ್ಲ, ಹೊಡೆದವನ ಭುಜ ವಾರಗಟ್ಟಲೆ ನೋಯುತ್ತಿತ್ತು. 1889ರಲ್ಲಿ ರಸಾಯನಶಾಸ್ತ್ರಜ್ಞರಾದ ಏಬಲ್ ಮತ್ತು ಡ್ಯೂವರ್ ಕಾರ್ಡೈಟಿಗೆ ಪೇಟೆಂಟ್ ಪಡೆದರು. ನೈಟ್ರೋಗ್ಲಿಸರಿನ್, ಗನ್‌ಕಾಟನ್, ಒಂದಿಷ್ಟು ವ್ಯಾಸ್ಲೀನ್ ಕಲಸಿ, ಶಾವಿಗೆಯ ಹಾಗೆ ಎಳೆ ಎಳೆಯಾಗಿ ಒತ್ತಿ ತೆಗೆದ ಹೊಗೆಯಿಲ್ಲದ ಮದ್ದು ಅದು. ನೀಲಗಿರಿಯ ಅರುವಂಕಾಡಿನಲ್ಲಿ, ಊಟಿ ರೈಲಿನ ದಾರಿಯಲ್ಲೇ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಕಾರ್ಖಾನೆ ಎದ್ದಿತು. ಸಣ್ಣ ಗುಂಡಿಗೆ ದೊಡ್ಡ ವೇಗ ಸಿಕ್ಕಿತು. 1898ರಲ್ಲಿ ರಿಗ್ಬಿಯವರು .450 ನೈಟ್ರೋ ಎಕ್ಸ್‌ಪ್ರೆಸ್ ತಂದಾಗ ಆನೆಕೋವಿಯ ತೂಕ ಒಂದೇ ಏಟಿಗೆ ಅರ್ಧದಷ್ಟಕ್ಕೆ ಇಳಿಯಿತು.

ಆದರೆ ಕಾರ್ಡೈಟಿಗೆ ಒಂದು ದುರ್ಗುಣವಿತ್ತು. ಕಾವು ಏರಿದಷ್ಟೂ ಅದು ಉಗ್ರವಾಗಿ ಉರಿಯುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಹೊಡೆದು ನೋಡಿ ಸರಿಯಿದೆ ಎಂದ ತೋಟಾ, ಇಲ್ಲಿಯ ಏಪ್ರಿಲ್ ಮಧ್ಯಾಹ್ನ ಬೇರೆಯೇ ಆಗಿಬಿಡುತ್ತಿತ್ತು. ಕೋಶದೊಳಗಿನ ಒತ್ತಡ ಏರಿ ಹಿತ್ತಾಳೆ ಉಬ್ಬಿ ನಳಿಗೆಯ ಬುಡದ ಗೂಡಿಗೆ ಕಚ್ಚಿಕೊಂಡರೆ ಬೋಲ್ಟು ತೆರೆಯುವುದಿಲ್ಲ. ಖಾಲಿ ಕೋಶ ಹೊರಬರದೆ ಎರಡನೆಯ ಈಡು ಇಲ್ಲ. ಗಾಯಗೊಂಡ ಕಾಡೆಮ್ಮೆಯೋ ಆನೆಯೋ ಹತ್ತು ಮಾರು ದೂರದಲ್ಲಿರುವಾಗ ಆ ಎರಡನೆಯ ಈಡೇ ಪ್ರಾಣ. ಹಾಗಾಗಿ ರಿಗ್ಬಿಯವರು ಕೋಶವನ್ನು ಬೇಕೆಂದೇ ದೊಡ್ಡದು ಮಾಡಿದರು. ಮದ್ದಿಗೆ ಹರಡಿಕೊಳ್ಳಲು ಜಾಗ ಸಿಕ್ಕಿತು, ಒತ್ತಡ ತಗ್ಗಿತು. ಇಂದಿನ ಯುರೋಪಿನ ಮಾನದಂಡದಲ್ಲೂ .416 ರಿಗ್ಬಿಯ ಗರಿಷ್ಠ ಒತ್ತಡ 3250 ಬಾರ್; .416 ರೆಮಿಂಗ್ಟನ್ನಿನದು ಸುಮಾರು 4300. ಮದ್ದು ಈಗ ಸುಧಾರಿಸಿದೆ, ಕಾವಿಗೆ ಅಷ್ಟು ಬೆದರುವುದಿಲ್ಲ. ಆದರೂ ಬಿಸಿಲ ನಾಡಿನಲ್ಲಿ ಬೇಟೆಯಾಡುವವರು ಆ ದೊಡ್ಡ ಕೋಶವನ್ನೇ ನೆಚ್ಚುತ್ತಾರೆ.

ಆ ನೆಚ್ಚಿಕೆಗೆ ಒಂದು ಮುಖ ಕೊಟ್ಟವರು ಹ್ಯಾರಿ ಸೆಲ್ಬಿ. ಕೀನ್ಯಾದಲ್ಲಿ ಬೆಳೆದು ಸಫಾರಿಯ ವೃತ್ತಿ ಬೇಟೆಗಾರರಾದ ಸೆಲ್ಬಿಯವರ ಜೋಡುನಳಿಗೆ ರೈಫಲ್ಲಿನ ಮೇಲೆ ವಾಹನ ಹರಿದು ಅದು ಹಾಳಾಯಿತು. ತುರ್ತಿಗೆಂದು 1949ರಲ್ಲಿ ನೈರೋಬಿಯ ಅಂಗಡಿಯಲ್ಲಿ ಸಿಕ್ಕಿದ ಒಂದು .416 ರಿಗ್ಬಿ ಕೊಂಡರು. ಮುಂದೆ ದಶಕಗಳ ಕಾಲ ಅದನ್ನೇ ಹಿಡಿದರು. ಅಮೆರಿಕದ ಲೇಖಕ ರಾಬರ್ಟ್ ರುವಾರ್ಕ್ ತಮ್ಮ 1953ರ ಪುಸ್ತಕದಲ್ಲಿ ಸೆಲ್ಬಿಯವರ ಬಗ್ಗೆ ಬರೆದ ಮೇಲೆ, ಅವರ ಜೊತೆ ಆ ಕೋವಿಯೂ ಹೆಸರಾಯಿತು. ಎರಡನೆಯ ಮಹಾಯುದ್ಧದವರೆಗೆ ರಿಗ್ಬಿಯವರು ಮಾಡಿದ .416 ರೈಫಲ್ಲುಗಳು ಇನ್ನೂರಕ್ಕೂ ಕಡಿಮೆ. ಇಷ್ಟು ವಿರಳವಾದ ವಸ್ತು ಅಷ್ಟು ದೊಡ್ಡ ಹೆಸರು ಗಳಿಸಿದ್ದರಲ್ಲಿ ಒಬ್ಬ ಮನುಷ್ಯನ ಪಾಲು ಬಹಳ. ಸೆಲ್ಬಿ 2018ರಲ್ಲಿ, 92ನೆಯ ವಯಸ್ಸಿನಲ್ಲಿ, ಬೋಟ್ಸ್ವಾನಾದಲ್ಲಿ ನಿಧನರಾದರು.

.416 ರಿಗ್ಬಿ ಹುಟ್ಟುವ ಮುಂಚೆಯೇ ಭಾರತ ಈ ಕಸಬನ್ನು ಇನ್ನೊಂದು ರೀತಿಯಲ್ಲಿ ತಿರುಗಿಸಿತ್ತು. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳ ಗುಂಡು .450 ಅಳತೆಯದು. ಬೇಟೆಯ .450 ಸಾಮಗ್ರಿ ಬಂಡಾಯಗಾರರ ಕೈ ಸೇರಿದರೆ ಆ ಕೋವಿಗಳಿಗೆ ಉಣಿಸಬಹುದೆಂಬ ಭಯ ಸರ್ಕಾರಕ್ಕೆ ಹುಟ್ಟಿತು. 1907ರ ಸುಮಾರಿಗೆ ಭಾರತ ಮತ್ತು ಸೂಡಾನಿಗೆ ಆ ಅಳತೆಯ ತೋಟಾ ತರುವುದು ನಿಷಿದ್ಧವಾಯಿತು. ಅತ್ಯುತ್ತಮ ಗಿರಾಕಿಗಳಾದ ರಾಜಮಹಾರಾಜರು, ಅಧಿಕಾರಿಗಳು, ಕಾಫಿ ತೋಟದ ದೊರೆಗಳು ಇರುವ ನಾಡೇ ಕೈತಪ್ಪಿದರೆ ಲಂಡನ್ನಿನ ಅಂಗಡಿಗಳು ಏನು ಮಾಡಬೇಕು? ಪ್ರತಿಯೊಬ್ಬರೂ .450ರಿಂದ ಕೂದಲೆಳೆಯಷ್ಟು ಸರಿದು ನಿಂತರು. ಹಾಲೆಂಡ್ ಅಂಡ್ ಹಾಲೆಂಡ್ .465 ತಂದರು, ವೆಸ್ಟ್ಲಿ ರಿಚರ್ಡ್ಸ್ .476 ತಂದರು, ಜೋಸೆಫ್ ಲ್ಯಾಂಗ್ ಹೆಸರಿನ .470 ಎಲ್ಲರನ್ನೂ ಮೀರಿ ನಿಂತಿತು. ಇಂದಿಗೂ ಜೋಡುನಳಿಗೆ ರೈಫಲ್ ಮಾಡಿಸುವವರಲ್ಲಿ ಬಹುಮಂದಿ ಕೇಳುವುದು .470 ನೈಟ್ರೋ ಎಕ್ಸ್‌ಪ್ರೆಸ್ಸನ್ನೇ.

ಜೋಡುನಳಿಗೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ನಳಿಗೆಗಳನ್ನು ಪಕ್ಕಪಕ್ಕ ನೇರವಾಗಿ ಬೆಸೆದರೆ ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ. ಬಲ ನಳಿಗೆ ಹಾರಿದಾಗ ಕೋವಿ ಬಲಕ್ಕೆ ಒದೆಯುತ್ತದೆ, ಎಡದ್ದು ಎಡಕ್ಕೆ. ಅದಕ್ಕೆಂದು ತುದಿಯ ಕಡೆ ನಳಿಗೆಗಳನ್ನು ಸ್ವಲ್ಪ ಒಳಕ್ಕೆ ಬಾಗಿಸಿ ನಡುವೆ ಸಣ್ಣ ಬೆಣೆ ಇಡುತ್ತಾರೆ. ಕಸಬುದಾರ ಬಲದ್ದೊಂದು, ಎಡದ್ದೊಂದು ಗುಂಡು ಹಾರಿಸಿ, ಸುಮಾರು 50 ಗಜ ದೂರದ ಹಲಗೆಯಲ್ಲಿ ತೂತು ನೋಡುತ್ತಾನೆ. ಸರಿಯಾಗದಿದ್ದರೆ ತುದಿಯ ಬೆಸುಗೆಗೆ ಕಾವು ಕೊಟ್ಟು, ಬೆಣೆಯನ್ನು ಎಳ್ಳಷ್ಟು ಸರಿಸಿ, ಆರಿಸಿ, ಮತ್ತೆ ಹೊಡೆಯುತ್ತಾನೆ. ಎರಡು ತೂತು ಹತ್ತಿರ ಬರುವವರೆಗೆ ಇದೇ ನಡೆಯುತ್ತದೆ. ಇದೆಲ್ಲ ಒಂದು ನಿರ್ದಿಷ್ಟ ತೂಕದ ಗುಂಡು, ಒಂದು ನಿರ್ದಿಷ್ಟ ವೇಗಕ್ಕೆ ಕೂರಿಸಿದ ಹೊಂದಾಣಿಕೆ. ಮುಂದೆ ಮಾಲೀಕ ಬೇರೆ ಗುಂಡು, ಬೇರೆ ವೇಗದ ತೋಟಾ ಹಾಕಿದರೆ ನಳಿಗೆಗಳು ಒಂದೊಂದು ದಿಕ್ಕು ಹಿಡಿಯುತ್ತವೆ. ಬೋಲ್ಟಿನ ಒಂಟಿನಳಿಗೆಯಲ್ಲಿ ತೋಟಾ ಬದಲಾದರೆ ಗುರಿಗಣ್ಣು ತಿರುಗಿಸಿದರೆ ಸಾಕು. ಜೋಡುನಳಿಗೆಯಲ್ಲಿ ತೋಟಾದ ಆಯ್ಕೆ ಒಂದೇ ಸಲ, ಬದುಕಿನುದ್ದಕ್ಕೂ.

ಈಗ ಮಾಡಿಸುವವರ ಮುಂದಿರುವ ಆಯ್ಕೆಗಳನ್ನು ಚುಟುಕಾಗಿ ಹೇಳುತ್ತೇನೆ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಎಲ್ಲಕ್ಕಿಂತ ಸೌಮ್ಯ. ಅದರ 300 ಗ್ರೇನ್ ಗುಂಡು ದೂರಕ್ಕೂ ನೇರ ಹೋಗುತ್ತದೆ, ಮತ್ತು ಆಫ್ರಿಕದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗೆ ಕಾನೂನು ಒಪ್ಪುವ ಕನಿಷ್ಠ ಅಳತೆ ಅದೇ. .404 ಜೆಫ್ರಿಯನ್ನು ಪೂರ್ವ ಆಫ್ರಿಕದ ಅರಣ್ಯ ಕಾವಲಿನವರು ಬಹುಕಾಲ ಬಳಸಿದರು. 1956ರ .458 ವಿಂಚೆಸ್ಟರ್ ಅಗ್ಗವಾಗಿ ಎಲ್ಲರಿಗೂ ಸಿಕ್ಕಿತು, ಆದರೆ ಗಿಡ್ಡ ಕೋಶದಲ್ಲಿ ಮದ್ದನ್ನು ಒತ್ತಿ ತುಂಬಬೇಕಾಗಿ ಹಳೆಯ ತೋಟಾಗಳಲ್ಲಿ ಅದು ಗಂಟುಕಟ್ಟಿ ವೇಗ ಕುಂದುತ್ತಿತ್ತು. 1959ರಲ್ಲಿ ಮೊಜಾಂಬಿಕ್‌ನಲ್ಲಿ ಕಾಡೆಮ್ಮೆಯ ಏಟು ತಿಂದು ಬದುಕಿದ ಜ್ಯಾಕ್ ಲಾಟ್ ಕೋಶವನ್ನು ಉದ್ದ ಮಾಡಿ .458 ಲಾಟ್ ರೂಪಿಸಿದರು. ತಿಳಿದವರ ಸಲಹೆ ಒಂದೇ: ಭುಜ ತಾಳುವಷ್ಟನ್ನೇ ಆರಿಸಿ. ಹೆದರಿ ಕಣ್ಣು ಮುಚ್ಚಿ ಹೊಡೆದ ದೊಡ್ಡ ಗುಂಡು ಪ್ರಾಣಿಯನ್ನು ಗಾಯ ಮಾಡುತ್ತದೆ. ಸರಿಯಾದ ಕಡೆ ಬಿದ್ದ .375 ಅದನ್ನು ನರಳಿಸುವುದಿಲ್ಲ. ಕೋವಿ ಮುಗಿದ ಮೇಲೆ ಲಂಡನ್ನಿನಲ್ಲೋ, 1813ರಿಂದ ನಡೆಯುತ್ತಿರುವ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನಲ್ಲೋ ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ.

ಆಯ್ಕೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ, ಅದೇ ಎಲ್ಲಕ್ಕಿಂತ ಕಠಿಣ: ಈ ತೋಟಾ ನಾಳೆಯೂ ಸಿಗುತ್ತದೆಯೇ? ಈ ಬ್ರಿಟಿಷ್ ಕೋವಿಗಳಿಗೆ ತೋಟಾ ಒದಗಿಸುತ್ತಿದ್ದ ಕೈನೋಕ್ ಕಂಪನಿ 1960ರ ದಶಕದಲ್ಲಿ ಅವನ್ನು ಕೈಬಿಟ್ಟಿತು. ಸಾಮ್ರಾಜ್ಯ ಹೋಗಿತ್ತು, ಗಿರಾಕಿಗಳು ಹೋಗಿದ್ದರು. ಜಗತ್ತಿನ ಅತ್ಯುತ್ತಮ ರೈಫಲ್ಲುಗಳು ಖಾಲಿ ಹೊಟ್ಟೆಯಲ್ಲಿ ಗಾಜಿನ ಕಪಾಟು ಸೇರಿದವು. 1980ರ ದಶಕದ ಕೊನೆಗೆ ಅಮೆರಿಕದ ಫೆಡರಲ್ ಕಂಪನಿ .470 ಮಾಡತೊಡಗಿತು, ರೂಗರ್ ಕಂಪನಿ .416 ರಿಗ್ಬಿಗೆ ರೈಫಲ್ ಮಾಡಿತು, ಕೈನೋಕ್ ಹೆಸರೂ ಇಂಗ್ಲೆಂಡಿನಲ್ಲಿ ಮರಳಿತು. ಡಬ್ಲಿನ್ ಮೂಲದ ರಿಗ್ಬಿ ಕಂಪನಿಯೇ 1997ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, 2013ರಲ್ಲಿ ಲಂಡನ್ನಿಗೆ ಹಿಂತಿರುಗಿತು. ಕಾರ್ಬೆಟ್ ಅವರ ಹಳೆಯ .275 ಈಗ ಅವರ ಬಳಿಯೇ ಇದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತೆರೆ ಎಳೆಯಿತು. ಅದು ಸರಿಯಾದ ತೀರ್ಮಾನ. ಇಂದು ನಾಗರಹೊಳೆ, ಬಂಡೀಪುರದಲ್ಲಿ ಹುಲಿ ಉಳಿದಿರುವುದರಲ್ಲಿ ಅದರ ಪಾಲಿದೆ. ಆದರೆ ಕೋವಿಯ ಮೇಲಿನ ಗೌರವಕ್ಕೆ ಕಾಯ್ದೆ ಅಡ್ಡಬಂದಿಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಇಂದಿಗೂ ಕೋವಿಗೆ ಹೂವಿಟ್ಟು ಪೂಜೆ ನಡೆಯುತ್ತದೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪೂಜೆಗೆ ನಿಂತ ಕೋವಿಗಳ ಜೊತೆ ಅವುಗಳ ತಿಳಿವಳಿಕೆಯೂ ಉಳಿಯಬೇಕಲ್ಲ? ಅರಮನೆಯ ಸಂಗ್ರಹಗಳಲ್ಲಿ, ಹಳೆಯ ತೋಟದ ಮನೆಗಳಲ್ಲಿ ಇರುವ ಹಲವು ರೈಫಲ್ಲುಗಳ ಮೇಲೆ ಅವುಗಳ ತೋಟಾದ ಹೆಸರು, ಗುಂಡಿನ ತೂಕ ಕೊರೆದಿರುತ್ತದೆ. ಅದನ್ನು ಓದಿ ಅರ್ಥ ಹೇಳುವ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನಮ್ಮ ವಸ್ತುಸಂಗ್ರಹಾಲಯಗಳು ಅವರನ್ನು ಕೂರಿಸಿ ಮಾತಾಡಿಸಿ, ದಾಖಲಿಸಿಕೊಳ್ಳಲು ಹೆಚ್ಚು ಹಣವೇನೂ ಬೇಡ. ಹಿತ್ತಾಳೆಯ ಕೋಶವನ್ನು ಕಾರ್ಖಾನೆ ಮತ್ತೆ ಮಾಡಬಲ್ಲದು, ಕೈನೋಕ್ ವಿಷಯದಲ್ಲಿ ಹಾಗೆ ಆಗಿಯೂ ಇದೆ. ಯಾವ ಗುಂಡು ಯಾಕೆ ಎಂದು ಬಲ್ಲವರು ಹೋದ ಮೇಲೆ ಅವರ ತಿಳಿವಳಿಕೆಗೆ ಅಂಥ ಮರುಹುಟ್ಟು ಇಲ್ಲ.