ಬೆಂಕಿ ಮಾತ್ರ ಕುಗ್ಗುವುದಿಲ್ಲ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿಪುರವೇ ಜನರ ಬಾಯಲ್ಲಿ ಹಾಗಾಯಿತು ಎನ್ನುತ್ತಾರೆ. ಏನೇ ಇರಲಿ, 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಹೆಸರು ಸಾರ್ಥಕವಾಯಿತು. ಕಲ್ಲಿದ್ದಲಿನ ಗಣಿ ಸಮೀಪದಲ್ಲೆಲ್ಲೂ ಇಲ್ಲದ್ದರಿಂದ ವಿಶ್ವೇಶ್ವರಯ್ಯನವರ ಆ ಕಾರ್ಖಾನೆಯ ಊದುಕುಲುಮೆ ಉರಿದದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ.

ಕಲ್ಲಿದ್ದಲಿನ ಮಾದರಿ ಉಗಿ ಎಂಜಿನ್ ಓಡಿಸುವ ಹವ್ಯಾಸಿಗಳಿಗೂ ಮೊದಲು ಬೇಕಾದದ್ದು ಇದ್ದಿಲೇ. ಇವು ಗಾಜಿನ ಬೀರುವಿನ ಆಟಿಕೆಗಳಲ್ಲ. ಐದು ಇಂಚಿನ ಹಳಿಯ ಮೇಲೆ ನಾಲ್ಕಾರು ಜನರನ್ನು ಎಳೆಯುವ ನಿಜವಾದ ಎಂಜಿನ್ನುಗಳು.

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಮೀಟರ್ ಗೇಜ್ ರೈಲು ಬಂತು. ಆ ಗೇಜಿನ ಎಂಜಿನ್ನೊಂದನ್ನು ಐದು ಇಂಚಿಗೆ ಇಳಿಸಿದರೆ ಉದ್ದ ಸುಮಾರು ಎಂಟನೇ ಒಂದು ಪಾಲಾಗುತ್ತದೆ. ಬಾಯ್ಲರಿನ ಮೈ 64ನೇ ಒಂದು ಪಾಲು, ಅದರೊಳಗಿನ ನೀರು 512ನೇ ಒಂದು ಪಾಲು. ಮೂರು ಸಾವಿರ ಲೀಟರ್ ಇದ್ದದ್ದು ಆರು ಲೀಟರಿಗೂ ಕಡಿಮೆ! ಇರುವ ನೀರಿನ ಲೆಕ್ಕದಲ್ಲಿ ಶಾಖ ಸೋರುವ ಮೈ ಮಾತ್ರ ಎಂಟು ಪಟ್ಟು. ಬಚ್ಚಲ ಹಂಡೆಯ ನೀರು ಮನೆಮಂದಿಯ ಸ್ನಾನವೆಲ್ಲ ಮುಗಿದರೂ ಬಿಸಿ ಇರುತ್ತದೆ, ತಂಬಿಗೆಗೆ ತೋಡಿಟ್ಟದ್ದು ಮಾತಾಡುತ್ತ ನಿಂತರೆ ಆರಿಹೋಗುತ್ತದೆ. ಕಷ್ಟವೆಲ್ಲ ಅಲ್ಲೇ.

ದೊಡ್ಡ ಎಂಜಿನ್ನಿನಲ್ಲಿ ಸಿಲಿಂಡರಿನಿಂದ ಹೊರಬೀಳುವ ಉಗಿ ಚಿಮಣಿಯಲ್ಲಿ ನುಗ್ಗುವಾಗ ಹೊಗೆಯನ್ನೂ ಎಳೆದೊಯ್ಯುತ್ತದೆ. ಹಿಂದೆಯೇ ಒಲೆಗೆ ಹೊಸ ಗಾಳಿ ನುಗ್ಗುತ್ತದೆ. ಭಾರ ಹೆಚ್ಚಿದಷ್ಟೂ ಉರಿ ಹೆಚ್ಚು. ಎಂಜಿನ್ ತನ್ನ ಊದುಗೊಳವೆಯನ್ನು ತಾನೇ ಊದಿಕೊಳ್ಳುತ್ತದೆ. ಮಾದರಿಯದೂ ಅದೇ ಉಪಾಯ. ಆದರೆ ತಣ್ಣಗಿರುವ ಬಾಯ್ಲರಿನಲ್ಲಿ ಉಗಿ ಎಲ್ಲಿಂದ ಬರಬೇಕು? ಅದಕ್ಕೇ ಚಿಮಣಿಯ ಮೇಲೆ ಪುಟ್ಟ ವಿದ್ಯುತ್ ಫ್ಯಾನ್ ಕೂರಿಸಿ, ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲಿಗೆ ಕಡ್ಡಿ ಗೀರುತ್ತಾರೆ. ರಂಧ್ರಗಳಿಂದ ತುಂಬಿದ ಇದ್ದಿಲು ಬೇಗ ಹೊತ್ತಿ, ಬೇಗ ಮುಗಿಯುತ್ತದೆ. ಕೆಂಡ ನಿಗಿನಿಗಿ ಎಂದಾಗ ಅಡಿಕೆ ಗಾತ್ರದ ಕಲ್ಲಿದ್ದಲು. ಒತ್ತಡ ಏರತೊಡಗಿದರೆ ಫ್ಯಾನ್ ತೆಗೆದು, ಬಾಯ್ಲರಿನದೇ ಉಗಿಯನ್ನು ಚಿಮಣಿಗೆ ಚಿಮ್ಮಿಸುವ ಬ್ಲೋಯರ್ ತಿರುಗಿಸುತ್ತಾರೆ. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಒಳಗಿನ ನೀರು ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ.

ಆಮೇಲೆ ಕೈಗೆ ಬಿಡುವಿಲ್ಲ. ಒಂದೇ ಸಲ ಕಲ್ಲಿದ್ದಲು ಸುರಿದರೆ ಒಲೆ ಕಟ್ಟುತ್ತದೆ, ತಡಮಾಡಿದರೆ ಕೆಂಡದ ಹಾಸು ತೂತು ಬೀಳುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಂತೂ ಮೋಸಗಾರ. ಕೊಳವೆ ಸಪೂರವಾಯಿತೆಂದು ನೀರಿನ ಅಂಟುಗುಣ ಕಡಿಮೆಯಾಗುವುದಿಲ್ಲವಲ್ಲ! ಹನಿಯೊಂದು ಒಳಗೆ ಅಂಟಿ ನಿಂತರೆ ಇಲ್ಲದ ನೀರು ಇದ್ದಂತೆ ಕಾಣುತ್ತದೆ. ಒಲೆಯ ಮೇಲ್ಛಾವಣಿಯ ತಾಮ್ರ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ಕ್ಷೇಮ. ಒಂದು ಕಣ್ಣು ಸದಾ ಅಲ್ಲೇ ಇರಬೇಕು.

ಇಷ್ಟು ಸಣ್ಣ ಒಲೆಯಲ್ಲಿ ಕಲ್ಲಿದ್ದಲು ಸಾಗದು, ಸ್ಪಿರಿಟ್ ದೀಪವೇ ಗತಿ ಎಂದು ಬಲ್ಲವರೇ ವಾದಿಸಿದ್ದ ಕಾಲವಿತ್ತು. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎಲ್‌ಬಿಎಸ್‌ಸಿ ಎಂಬ ಕಾವ್ಯನಾಮದ ಲೇಖಕ, ಎರಡೂವರೆ ಇಂಚು ಗೇಜಿನ ತನ್ನ ‘ಆಯೇಷಾ’ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ದೊಡ್ಡವರನ್ನೇ ಕೂರಿಸಿ ಎಳೆಸಿದ. ಮಾದರಿ ಎಂಜಿನ್ನಿನವರು ಆ ಜಗಳಕ್ಕೆ ‘ಬಾಯ್ಲರ್ ಯುದ್ಧ’ ಎಂದೇ ಹೆಸರಿಟ್ಟರು.

ಓಡಾಟ ಮುಗಿದ ಮೇಲೂ ಕ್ರಮ ತಪ್ಪುವಂತಿಲ್ಲ. ಮೊದಲು ಕೆಂಡ ಕೆಡವಬೇಕು, ಒತ್ತಡ ಇಳಿಯಬೇಕು, ನೀರು ಬಿಡುವುದು ಅದಾದ ಮೇಲೆ. ಹೊಗೆಕೊಳವೆಗಳ ಮಸಿಗೆ ಬ್ರಷ್ ತೂರಿಸಿ ಎಳೆದಾಗ ಅಂಗಿಯ ತೋಳು ಕಪ್ಪಾಗುತ್ತದೆ.